ಚಳಿಗಾಲದ ನಡುವೆ ಹೆಲ್ಸಿಂಕಿ

ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯನ್ನು ನೋಡುವುದಾದರೆ ಜೂನ್ ತಿಂಗಳಲ್ಲಿ ನೋಡಬೇಕೆಂದು ಪ್ರವಾಸಿ ಕೈಪಿಡಿಗಳು ಸಾಮಾನ್ಯವಾಗಿ ಒಂದೇ ದನಿಯಲ್ಲಿ ಹೇಳುತ್ತವೆ. ಆಗ ರಾತ್ರಿ ಹತ್ತೂವರೆಯಾದರೂ ಸೂರ್ಯ ಮುಳುಗಿರುವುದಿಲ್ಲ, ದ್ವೀಪಗಳಿಗೆ ದೋಣಿಗಳು ಎಡೆಬಿಡದೆ ಓಡಾಡುತ್ತವೆ, ಬಂದರಿನ ಬಯಲು ಮಾರುಕಟ್ಟೆಯಲ್ಲಿ ಹಣ್ಣುಗಳ ರಾಶಿ ಇರುತ್ತದೆ. ನಾನು ಹೋದದ್ದು ಜನವರಿಯ ಕೊನೆಯ ಭಾಗದಲ್ಲಿ, ಅದೂ ಬೇಕೆಂದೇ. ವರ್ಷದ ಸುಮಾರು ಅರ್ಧ ಕಾಲವನ್ನು ಚಳಿಯಲ್ಲಿಯೋ ಕತ್ತಲೆಯಲ್ಲಿಯೋ ಕಳೆಯುವ ಊರನ್ನು ಬೇಸಿಗೆಯ ಕೆಲವು ವಾರಗಳಲ್ಲಿ ನೋಡಿ ಹಿಂದಿರುಗಿದರೆ, ಅಲ್ಲಿಯ ಜನ ಯಾವುದಕ್ಕಾಗಿ ತಮ್ಮ ಬುದ್ಧಿಯನ್ನು ಅತಿ ಹೆಚ್ಚು ಖರ್ಚು ಮಾಡಿದ್ದಾರೋ ಅದು ಕಣ್ಣಿಗೆ ಬೀಳುವುದೇ ಇಲ್ಲ ಎಂಬುದು ನನ್ನ ಎಣಿಕೆಯಾಗಿತ್ತು. ಹಿಂದಿರುಗಿದ ಮೇಲೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಒಂದು ತಿದ್ದುಪಡಿ ಮಾತ್ರ ಅದಕ್ಕೆ ಸೇರಿಕೊಂಡಿದೆ. ಆ ಊರು ಮುಖ್ಯವಾಗಿ ಹೋರಾಡುವುದು ಚಳಿಯೊಂದಿಗಲ್ಲ, ಕತ್ತಲೆಯೊಂದಿಗೆ.

ಹೆಲ್ಸಿಂಕಿ ಇರುವುದು ಉತ್ತರ ಅಕ್ಷಾಂಶ 60 ಡಿಗ್ರಿಯ ಮೇಲೆ. ಡಿಸೆಂಬರ್ ಕೊನೆಯ ಹೊತ್ತಿಗೆ ಅಲ್ಲಿ ಹಗಲು ಆರು ಗಂಟೆಗಿಂತಲೂ ಕಡಿಮೆ. ಆ ದಿನಗಳಲ್ಲಿ ನಟ್ಟನಡು ಹಗಲಿನಲ್ಲಿಯೂ ಸೂರ್ಯ ದಿಗಂತದಿಂದ ಆರೇಳು ಡಿಗ್ರಿಗಿಂತ ಮೇಲೇರುವುದಿಲ್ಲ. ಎಂದರೆ, ಎದುರಿಗೆ ನಾಲ್ಕು ಮಹಡಿಯ ಕಟ್ಟಡವೊಂದಿದ್ದರೆ ಸಾಕು, ಬೀದಿಯಲ್ಲಿ ನಿಂತವನಿಗೆ ಅಂದಿನ ಸೂರ್ಯದರ್ಶನವಿಲ್ಲ. ನಾನು ಹೋದ ಹೊತ್ತಿಗೆ ಪರಿಸ್ಥಿತಿ ಸ್ವಲ್ಪ ಸುಧಾರಿಸಿತ್ತು. ಸೂರ್ಯ ಬೆಳಿಗ್ಗೆ ಒಂಬತ್ತಕ್ಕೆ ತುಸು ಮುಂಚೆ ಮೂಡಿ, ಹನ್ನೆರಡೂವರೆಯ ಸುಮಾರಿಗೆ ತನ್ನ ನೆತ್ತಿಯನ್ನು ಮುಟ್ಟಿ, ನಾಲ್ಕು ಗಂಟೆ ಕಳೆದ ಸ್ವಲ್ಪ ಹೊತ್ತಿಗೆ ಮರೆಯಾಗುತ್ತಿದ್ದ. ನೆತ್ತಿ ಎಂಬುದು ಇಲ್ಲಿ ಮಾತಿಗಷ್ಟೇ. ಆಗಲೂ ಅವನ ಎತ್ತರ ಹನ್ನೊಂದು ಡಿಗ್ರಿಯ ಆಸುಪಾಸಿನಲ್ಲಿತ್ತು, ಮನುಷ್ಯನ ನೆರಳು ಅವನ ಎತ್ತರದ ಐದರಷ್ಟು ಉದ್ದಕ್ಕೆ ಚಾಚಿಕೊಂಡಿತ್ತು. ಇಡೀ ಹಗಲೂ ಬೆಳಗಿನ ಹೊತ್ತಿನ ಓರೆಬಿಸಿಲೇ ಆದ್ದರಿಂದ, ಮೋಡವಿಲ್ಲದ ದಿನ ಸಿಕ್ಕಿದರೆ ಊರಿನ ಹಳದಿ ಮತ್ತು ನಸುಗೆಂಪು ಬಣ್ಣದ ಗೋಡೆಗಳು ಗಂಟೆಗಟ್ಟಲೆ ಹೊಳೆಯುತ್ತಲೇ ಇರುತ್ತವೆ. ಛಾಯಾಗ್ರಾಹಕರು ಬೇಸಿಗೆಯಲ್ಲಿ ಅಲ್ಲಿಗೆ ಏಕೆ ಹೋಗುತ್ತಾರೋ ನನಗೆ ಅರ್ಥವಾಗಿಲ್ಲ.

ಮುಳುಗಿದ ಮೇಲೆ ಕೂಡ ಬೆಳಕು ಒಮ್ಮೆಗೇ ಹೋಗುವುದಿಲ್ಲ ಎಂಬುದನ್ನು ಹೇಳಲೇಬೇಕು. ಸೂರ್ಯ ಆ ಅಕ್ಷಾಂಶದಲ್ಲಿ ದಿಗಂತದ ಕೆಳಗೆ ನೇರವಾಗಿ ಇಳಿಯದೆ ಓರೆಯಾಗಿ ಜಾರುವುದರಿಂದ ಸಂಧ್ಯೆ ಮುಕ್ಕಾಲು ಗಂಟೆಗೂ ಮೀರಿ ನಿಲ್ಲುತ್ತದೆ. ಆ ಹೊತ್ತಿನಲ್ಲಿ ಆಕಾಶವೂ ಹಿಮವೂ ಒಂದೇ ನೀಲಿ ಬಣ್ಣಕ್ಕೆ ತಿರುಗುತ್ತವೆ. ಅದರ ನಡುವೆ ಮನೆಮನೆಯ ಕಿಟಕಿಗಳಲ್ಲಿ ಹಚ್ಚಿಟ್ಟ ಹಳದಿ ದೀಪಗಳು ಕಾಣಿಸಿಕೊಳ್ಳುತ್ತವೆ. ಕಿಟಕಿಗೆ ಪರದೆ ಎಳೆಯುವ ರೂಢಿ ಅಲ್ಲಿ ಹೆಚ್ಚಾಗಿ ಕಾಣಲಿಲ್ಲ. ಒಳಗಿನ ಬೆಳಕು ಹೊರಗಿನವರಿಗೂ ಸಿಗಲಿ ಎಂಬ ಉದ್ದೇಶದಿಂದಲೋ ಅಲ್ಲವೋ, ಪರಿಣಾಮವಂತೂ ಅದೇ ಆಗಿತ್ತು. ಜನವರಿಯ ಕೊನೆಯಲ್ಲಿ ಹಗಲು ದಿನಕ್ಕೆ ಸುಮಾರು ಐದು ನಿಮಿಷದಂತೆ ಬೆಳೆಯುತ್ತದೆ. ಐದು ನಿಮಿಷ ಯಾವ ಲೆಕ್ಕ ಎನ್ನಿಸಬಹುದು. ಆದರೆ ವಾರಕ್ಕೆ ಅರ್ಧ ಗಂಟೆಗೂ ಹೆಚ್ಚು ಬೆಳಕು ಕೈಸೇರುವುದನ್ನು ಅಲ್ಲಿಯ ಜನ ಸಂಬಳದ ಬಡ್ತಿಯಂತೆ ಲೆಕ್ಕವಿಟ್ಟು ಮಾತನಾಡುತ್ತಾರೆ. ನಾನು ಇಳಿದುಕೊಂಡಿದ್ದ ಮನೆಯ ಯಜಮಾನಿ ಮೊದಲ ದಿನವೇ, "ನೀವು ಒಳ್ಳೆಯ ಕಾಲಕ್ಕೆ ಬಂದಿದ್ದೀರಿ, ಕಷ್ಟದ ತಿಂಗಳು ನವೆಂಬರ್" ಎಂದರು.

ನವೆಂಬರ್ ಏಕೆ ಕಷ್ಟ ಎಂಬುದು ಎರಡು ದಿನ ಕಳೆಯುವುದರೊಳಗೆ ತಿಳಿಯಿತು. ಹೊಸದಾಗಿ ಬಿದ್ದ ಹಿಮ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚನ್ನು ಹಿಂದಕ್ಕೆ ಕಳಿಸುತ್ತದೆ. ಒದ್ದೆಯಾದ ಡಾಂಬರು ಹೆಚ್ಚುಕಡಿಮೆ ಎಲ್ಲವನ್ನೂ ನುಂಗಿಹಾಕುತ್ತದೆ. ಹಿಮವಿದ್ದರೆ ಒಂದು ಬೀದಿದೀಪ ಮಾಡುವ ಕೆಲಸವನ್ನು ಹಿಮವಿಲ್ಲದಾಗ ನಾಲ್ಕು ಬೀದಿದೀಪಗಳು ಮಾಡಲಾರವು. ನಾನಿದ್ದ ದಿನಗಳ ನಡುವೆ ಒಮ್ಮೆ ಉಷ್ಣತೆ ಶೂನ್ಯವನ್ನು ದಾಟಿ ಮೇಲೇರಿ, ಮಳೆಯೂ ಅಲ್ಲದ ಹಿಮವೂ ಅಲ್ಲದ ಕೆಸರಿನಂತಹದ್ದು ಬಿದ್ದಿತು. ಅಂದು ಊರು ಒಮ್ಮೆಗೇ ಕಪ್ಪಾಯಿತು. ಬಾಲ್ಟಿಕ್ ಸಮುದ್ರದ ದಂಡೆಯಲ್ಲಿರುವುದರಿಂದ ಹೆಲ್ಸಿಂಕಿಯ ಚಳಿಗಾಲ ಅದೇ ಅಕ್ಷಾಂಶದ ಒಳನಾಡುಗಳಷ್ಟು ಕಠೋರವಲ್ಲ. ಜನವರಿ ಮತ್ತು ಫೆಬ್ರವರಿಯ ಸರಾಸರಿ ಉಷ್ಣತೆ ಶೂನ್ಯಕ್ಕಿಂತ ಮೂರು ನಾಲ್ಕು ಡಿಗ್ರಿ ಕೆಳಗೆ ಅಷ್ಟೇ. ಕೇಳಲು ಇದು ಸುಲಭವೆನ್ನಿಸುತ್ತದೆ, ಆದರೆ ಶೂನ್ಯದ ಆಸುಪಾಸಿನ ಆ ಒದ್ದೆ ಚಳಿ ಬೂಟಿನೊಳಗೆ, ಕೈಗವಸಿನೊಳಗೆ, ಕೊರಳಪಟ್ಟಿಯೊಳಗೆ ಇಳಿದು ಕೂರುತ್ತದೆ. ಮೈನಸ್ ಹದಿನೈದಕ್ಕೆ ಇಳಿದ ದಿನ ಗಾಳಿ ಒಣಗಿತ್ತು, ಆಕಾಶ ಶುಭ್ರವಾಗಿತ್ತು, ಕಾಲಡಿಯ ಹಿಮ ಗರಗರ ಸದ್ದು ಮಾಡುತ್ತಿತ್ತು, ಮೂಗಿನೊಳಗಿನ ಕೂದಲು ಉಸಿರೆಳೆದಾಗಲೆಲ್ಲ ಗಟ್ಟಿಯಾಗುತ್ತಿತ್ತು. ಆದರೂ ನಾನು ಅಂದೇ ಅತಿ ದೂರ ನಡೆದದ್ದು. ಇವೆರಡರಲ್ಲಿ ಒಂದನ್ನು ಆಯ್ದುಕೊಳ್ಳಲು ಬಿಟ್ಟರೆ ನಾನು ಕಣ್ಣುಮುಚ್ಚಿ ಮೈನಸ್ ಹದಿನೈದನ್ನು ಆಯ್ದುಕೊಳ್ಳುತ್ತೇನೆ.

ಬೀದಿಗಳ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳುವ ಆಸೆ ನನ್ನದು, ಏಕೆಂದರೆ ಪ್ರೇಕ್ಷಣೀಯ ಸ್ಥಳಗಳಿಗಿಂತ ಹೆಚ್ಚು ಹೊತ್ತು ನಾನು ನಿಂತು ನೋಡಿದ್ದು ಅವುಗಳನ್ನೇ. ಇರುಳು ಹಿಮ ಬಿದ್ದರೆ ಬೆಳಗಾಗುವುದರೊಳಗೆ ಸಣ್ಣ ಟ್ರ್ಯಾಕ್ಟರುಗಳು ಕಾಲುದಾರಿಗಳನ್ನು ಗೋರಿ ಮುಗಿಸಿರುತ್ತವೆ. ಗೋರಿದ ಮೇಲೆ ಉಳಿಯುವ ಜಾರುವ ಪದರದ ಮೇಲೆ ಅವು ಪುಡಿಜಲ್ಲಿಯನ್ನು ಎರಚುತ್ತಾ ಹೋಗುತ್ತವೆ. ಉಪ್ಪನ್ನು ಬಳಸುವುದಿಲ್ಲವೆಂದಲ್ಲ, ಆದರೆ ಪಾದಚಾರಿಗಳ ಪಾಲಿಗೆ ಜಲ್ಲಿಯೇ ಮುಖ್ಯ. ವಸಂತ ಬಂದ ಮೇಲೆ ಆ ಜಲ್ಲಿಯನ್ನೆಲ್ಲ ಮತ್ತೆ ಗುಡಿಸಿ ತೆಗೆಯುತ್ತಾರೆ, ಆ ದಿನಗಳಲ್ಲಿ ಏಳುವ ಧೂಳಿನ ಬಗ್ಗೆ ಊರಿನವರು ಪ್ರತಿ ವರ್ಷ ಗೊಣಗುತ್ತಾರೆ. ಗೋರಿದ ಹಿಮವನ್ನು ಲಾರಿಗಳಲ್ಲಿ ತುಂಬಿ ಸಾಗಿಸುವುದು ಇನ್ನೊಂದು ದೊಡ್ಡ ಕೆಲಸ. ಅದನ್ನು ನಗರದ ದಕ್ಷಿಣ ತುದಿಯ ಹೆರ್ನೆಸಾರಿಯಲ್ಲಿ ಸಮುದ್ರಕ್ಕೆ ಸುರಿಯುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ, ಹಿಮದ ಜೊತೆಗೆ ಬೀದಿಯ ಕಸವೂ ಸಮುದ್ರ ಸೇರುತ್ತದೆಯೆಂದು ಟೀಕೆಗೂ ಗುರಿಯಾಗಿದೆ.

ನೆಲದಷ್ಟೇ ಎಚ್ಚರಿಕೆ ಮೇಲಕ್ಕೂ ಬೇಕು. ಇಳಿಜಾರಿನ ತಗಡಿನ ಛಾವಣಿಗಳ ಮೇಲೆ ಸೇರಿಕೊಂಡ ಹಿಮವೂ, ಸೂರಂಚಿನಿಂದ ಇಳಿಬಿದ್ದ ಮಂಜಿನ ಕೋಲುಗಳೂ ಯಾವ ಗಳಿಗೆಯಲ್ಲಾದರೂ ಕಳಚಿ ಬೀಳಬಹುದು. ಹಗಲು ಹೊತ್ತಿನಲ್ಲಿ ಹಲವು ಬೀದಿಗಳ ಒಂದು ಬದಿಯನ್ನು ಅಡ್ಡಪಟ್ಟಿ ಕಟ್ಟಿ ಮುಚ್ಚಿರುತ್ತಾರೆ. ತಲೆಯೆತ್ತಿ ನೋಡಿದರೆ ಸೊಂಟಕ್ಕೆ ಹಗ್ಗ ಬಿಗಿದುಕೊಂಡ ಕೆಲಸಗಾರರು ಸನಿಕೆ ಹಿಡಿದು ಛಾವಣಿಯ ಮೇಲಿನ ಹಿಮವನ್ನು ಕೆಳಕ್ಕೆ ತಳ್ಳುತ್ತಿರುತ್ತಾರೆ, ಕೆಳಗೆ ನಿಂತ ಇನ್ನೊಬ್ಬರು ದಾರಿಹೋಕರನ್ನು ತಡೆಯುತ್ತಾರೆ. ಯಾರೂ ಆ ಪಟ್ಟಿಯ ಕೆಳಗೆ ನುಸುಳಿ ಹೋದದ್ದನ್ನು ನಾನು ನೋಡಲಿಲ್ಲ. ಊರಿನ ನಡುಭಾಗದ ಅಲೆಕ್ಸಾಂತೇರಿನ್‌ಕಾತು ಬೀದಿಯಲ್ಲಿ ಮಾತ್ರ ಇಂತಹ ಗೋರುವ ಗೋಜು ಕಡಿಮೆ, ಏಕೆಂದರೆ ಅಲ್ಲಿ ಕಲ್ಲುಹಾಸಿನ ಅಡಿಯಲ್ಲಿ ಬಿಸಿನೀರಿನ ಕೊಳವೆಗಳನ್ನು ಹಾಯಿಸಿದ್ದಾರೆ.

ಆ ಬಿಸಿನೀರು ಎಲ್ಲಿಂದ ಬರುತ್ತದೆ ಎಂಬುದು ನನಗೆ ಅರಮನೆ, ಚರ್ಚುಗಳ ಚರಿತ್ರೆಗಿಂತ ಸ್ವಾರಸ್ಯಕರವೆನ್ನಿಸಿತು. ಹೆಲ್ಸಿಂಕಿಯ ಕಟ್ಟಡಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ತಮ್ಮದೇ ಒಲೆಗಳಿಂದ ಬೆಚ್ಚಗಾಗುವುದಿಲ್ಲ. ಊರಿಗೆಲ್ಲ ಕುಡಿಯುವ ನೀರು ಹೇಗೆ ಬರುತ್ತದೋ ಹಾಗೆಯೇ ಬಿಸಿನೀರೂ ನೆಲದಡಿಯ ಕೊಳವೆಗಳಲ್ಲಿ ಹರಿದು ಬಂದು, ಮನೆಗಳ ಗೋಡೆಬದಿಯ ಲೋಹದ ಪಟ್ಟಿಗಳಿಗೆ ಶಾಖವನ್ನು ಕೊಟ್ಟು, ತಣ್ಣಗಾಗಿ ಹಿಂದಿರುಗುತ್ತದೆ. ಹಿಂದಿರುಗುವ ಆ ನೀರಿನಲ್ಲಿಯೂ ಇನ್ನೂ ಸಾಕಷ್ಟು ಕಾವು ಉಳಿದಿರುವುದರಿಂದ ಬೀದಿಯ ಹಿಮ ಕರಗಿಸಲು ಅದು ಸಾಲುತ್ತದೆ. ದೀರ್ಘಕಾಲ ಈ ಕಾವು ಬಂದದ್ದು ಬಹುಮಟ್ಟಿಗೆ ಕಲ್ಲಿದ್ದಲಿನಿಂದ. ಈಗ ಅದನ್ನು ಕೈಬಿಟ್ಟು ಬೇರೆ ಮೂಲಗಳಿಗೆ ಹೋಗಿದ್ದಾರೆ. ಸೋರ್ನಾಯಿನೆನ್ ಬಡಾವಣೆಯ ಕಾತ್ರಿ ವಾಲಾ ಉದ್ಯಾನದ ಅಡಿಯಲ್ಲಿ, ಬಂಡೆಯನ್ನು ಕೊರೆದು ಮಾಡಿದ ಗುಹೆಯಲ್ಲಿ, ಊರಿನ ಶುದ್ಧೀಕರಿಸಿದ ಕೊಳಚೆನೀರಿನಿಂದ ಉಳಿದ ಶಾಖವನ್ನು ಹೀರಿ ಮತ್ತೆ ಮನೆಗಳಿಗೆ ಕಳಿಸುವ ಒಂದು ಸ್ಥಾವರವೇ ಇದೆ. ಮೇಲೆ ಮಕ್ಕಳು ಹಿಮದ ಮೇಲೆ ಜಾರುಬಂಡಿ ಎಳೆಯುತ್ತಾರೆ, ಕೆಳಗೆ ಅವರದೇ ಮನೆಗಳ ಸ್ನಾನದ ನೀರು ಅವರ ಮನೆಗಳನ್ನು ಬೆಚ್ಚಗಿಡುತ್ತದೆ.

ಕತ್ತಲೆಯೊಂದಿಗಿನ ಹೋರಾಟದಲ್ಲಿ ಕಾನೂನೂ ಭಾಗಿಯಾಗಿದೆ. ಕತ್ತಲೆಯಲ್ಲಿ ರಸ್ತೆಯಲ್ಲಿ ನಡೆಯುವವರು ಮೈಮೇಲೆ ಬೆಳಕನ್ನು ಪ್ರತಿಫಲಿಸುವ ಬಿಲ್ಲೆಯೊಂದನ್ನು ಧರಿಸಬೇಕೆಂದು ಫಿನ್ಲೆಂಡಿನ ಸಂಚಾರ ಕಾಯಿದೆಯೇ ಹೇಳುತ್ತದೆ. ಕೋಟಿನ ಜೇಬಿನಿಂದ ದಾರದಲ್ಲಿ ಮೊಣಕಾಲಿನ ಮಟ್ಟಕ್ಕೆ ಇಳಿಬಿಟ್ಟ ಅಂಗೈಯಗಲದ ಆ ಬಿಲ್ಲೆಗಳು ಹಿಮಬಿಂದು, ಗೂಬೆ, ಕರಡಿ ಹೀಗೆ ನಾನಾ ಆಕಾರಗಳಲ್ಲಿರುತ್ತವೆ. ಸೂಟು ತೊಟ್ಟ ಅಧಿಕಾರಿಗಳೂ, ಊರುಗೋಲು ಹಿಡಿದ ಅಜ್ಜಿಯರೂ, ಅವರ ಕೈಯಲ್ಲಿರುವ ನಾಯಿಗಳೂ ಅದಕ್ಕೆ ಹೊರತಲ್ಲ. ವಾಹನಗಳಿಗೂ ಇಂತಹ ನಿಯಮವಿದೆ. ನವೆಂಬರ್‌ನಿಂದ ಮಾರ್ಚ್ ಕೊನೆಯವರೆಗೆ ಹವಾಮಾನ ಕೇಳಿದಾಗಲೆಲ್ಲ ಚಳಿಗಾಲದ ಟೈರುಗಳು ಕಡ್ಡಾಯ. ಒಣಗಿದ ರಸ್ತೆಯ ಮೇಲೆ ಲೋಹದ ಮೊಳೆಗಳಿರುವ ಟೈರುಗಳು ಉರುಳುವ ಸದ್ದು ಬೇರೆ ಯಾವ ಸದ್ದಿನೊಂದಿಗೂ ಬೆರೆಯುವುದಿಲ್ಲ.

ಪ್ರೇಕ್ಷಣೀಯ ಸ್ಥಳಗಳನ್ನು ನೋಡಲಿಲ್ಲವೆಂದಲ್ಲ. ಸ್ವೀಡನ್ನಿನ ದೊರೆ ಗುಸ್ತಾವ್ ವಾಸಾ 1550ರಲ್ಲಿ ಸ್ಥಾಪಿಸಿದ ಈ ಊರು ಎರಡೂವರೆ ಶತಮಾನ ಸಣ್ಣ ಬಂದರಾಗಿಯೇ ಉಳಿದಿತ್ತು. 1809ರಲ್ಲಿ ಫಿನ್ಲೆಂಡ್ ರಷ್ಯಾದ ಕೈಸೇರಿದ ಮೇಲೆ, 1812ರಲ್ಲಿ ಚಕ್ರವರ್ತಿ ಒಂದನೆಯ ಅಲೆಕ್ಸಾಂಡರ್ ಇದನ್ನು ರಾಜಧಾನಿಯನ್ನಾಗಿ ಮಾಡಿದ. ಬರ್ಲಿನ್ನಿನಲ್ಲಿ ಹುಟ್ಟಿದ ವಾಸ್ತುಶಿಲ್ಪಿ ಕಾರ್ಲ್ ಲುಡ್ವಿಗ್ ಎಂಗೆಲ್ ಅದಕ್ಕೆ ತಕ್ಕ ಮುಖವನ್ನು ಕಟ್ಟಿದ. ಸೆನೆಟ್ ಚೌಕದ ಸುತ್ತಲಿನ ತಿಳಿಹಳದಿ ಕಟ್ಟಡಗಳೂ, ಎತ್ತರದ ಮೆಟ್ಟಿಲುಗಳ ಮೇಲೆ ನಿಂತ ಬಿಳಿಯ ಮಹಾಚರ್ಚೂ ಅವನವೇ. ಚರ್ಚಿನ ಕೆಲಸ 1830ರಲ್ಲಿ ಮೊದಲಾಗಿ 1852ರಲ್ಲಿ ಮುಗಿಯಿತು. ಎಂಗೆಲ್ 1840ರಲ್ಲಿಯೇ ತೀರಿಕೊಂಡಿದ್ದ. ನಡುವಿನ ದೊಡ್ಡ ಗುಮ್ಮಟದ ಸುತ್ತಲಿನ ನಾಲ್ಕು ಸಣ್ಣ ಗೋಪುರಗಳನ್ನೂ, ಛಾವಣಿಯ ಮೇಲಿನ ಯೇಸುವಿನ ಹನ್ನೆರಡು ಶಿಷ್ಯರ ಸತುವಿನ ಮೂರ್ತಿಗಳನ್ನೂ ಸೇರಿಸಿದ್ದು ಅವನ ನಂತರ ಬಂದ ಎರ್ನ್‌ಸ್ಟ್ ಲೋರ್ಮನ್. ಚಿತ್ರಗಳಲ್ಲಿ ಈ ಚರ್ಚನ್ನು ನೀಲಿ ಆಕಾಶದ ಎದುರು ತೋರಿಸುವುದೇ ರೂಢಿ. ನಾನು ನೋಡಿದ ದಿನ ಆಕಾಶವೂ ಬಿಳಿ, ಚೌಕವೂ ಬಿಳಿ, ಚರ್ಚೂ ಬಿಳಿ. ಹಸಿರು ಗುಮ್ಮಟಗಳೂ, ಅವುಗಳ ಮೇಲಿನ ಹೊಂಬಣ್ಣದ ಶಿಲುಬೆಗಳೂ ಆಧಾರವಿಲ್ಲದೆ ಗಾಳಿಯಲ್ಲಿ ನಿಂತಂತೆ ಕಾಣುತ್ತಿದ್ದವು. ಚೌಕದ ನಡುವೆ 1894ರಲ್ಲಿ ನಿಲ್ಲಿಸಿದ ರಷ್ಯಾದ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನ ಪ್ರತಿಮೆ ಇನ್ನೂ ಅಲ್ಲಿಯೇ ಇದೆ. 1917ರಲ್ಲಿ ಸ್ವತಂತ್ರವಾದ ದೇಶವೊಂದು ತನ್ನನ್ನು ಆಳಿದವನ ಪ್ರತಿಮೆಯನ್ನು ರಾಜಧಾನಿಯ ಎದೆಯ ಮೇಲೆ ಹಾಗೆಯೇ ಉಳಿಸಿಕೊಂಡಿದೆ. ಅವನ ಕಾಲದಲ್ಲಿ ಫಿನ್ನಿಶ್ ಭಾಷೆಗೆ ಆಡಳಿತದಲ್ಲಿ ಸ್ಥಾನ ಸಿಕ್ಕಿತೆಂಬ ನೆನಪೂ ಅದಕ್ಕೆ ಒಂದು ಕಾರಣ.

ಚೌಕದಿಂದ ಕೆಳಗಿಳಿದರೆ ಸಮುದ್ರ. ಸಮುದ್ರ ಹೆಪ್ಪುಗಟ್ಟುವುದನ್ನು ಓದಿ ತಿಳಿಯುವುದು ಬೇರೆ, ಅದರ ಮೇಲೆ ಜನ ನಾಯಿಗಳನ್ನು ಅಡ್ಡಾಡಿಸುವುದನ್ನು ನೋಡುವುದು ಬೇರೆ. ಮಹಾಸಾಗರದ ಒಂದು ಕಿಲೋ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದ್ದರೆ, ಹೆಲ್ಸಿಂಕಿಯ ಎದುರಿನ ನೀರಿನಲ್ಲಿ ಇರುವುದು ಐದಾರು ಗ್ರಾಂ ಮಾತ್ರ. ಹಲವಾರು ನದಿಗಳು ಬಂದು ಸೇರುವ, ಸಾಗರದೊಂದಿಗೆ ಕಿರಿದಾದ ಜಲಸಂಧಿಗಳ ಮೂಲಕವಷ್ಟೇ ನಂಟಿರುವ ಬಾಲ್ಟಿಕ್ ಅರ್ಧ ಸಿಹಿನೀರಿನ ಸಮುದ್ರ. ಆದ್ದರಿಂದ ಅದು ಶೂನ್ಯಕ್ಕೆ ತುಸು ಕೆಳಗೆ ಇಳಿದೊಡನೆ ಗಟ್ಟಿಯಾಗತೊಡಗುತ್ತದೆ. ಮಂಜುಗಡ್ಡೆಯ ಮೇಲೆ ಕಾಲಿಡುವವರಿಗೆ ಅಲ್ಲಿ ಒಂದು ಸರಳ ಸೂತ್ರವಿದೆ. ಗಟ್ಟಿಯಾದ, ತಿಳಿಯಾದ ಮಂಜುಗಡ್ಡೆ ಐದು ಸೆಂಟಿಮೀಟರ್ ದಪ್ಪವಿದ್ದರೆ ಒಬ್ಬ ಮನುಷ್ಯನನ್ನು ತಡೆಯುತ್ತದೆ. ಆದರೂ ಅನುಭವಿಗಳು ಕೊರಳಿಗೆ ಎರಡು ಚೂಪಾದ ಹಿಡಿಮೊಳೆಗಳನ್ನು ತೂಗುಹಾಕಿಕೊಳ್ಳದೆ ಹೋಗುವುದಿಲ್ಲ. ಅಕಸ್ಮಾತ್ ಒಳಗೆ ಬಿದ್ದರೆ ಜಾರುವ ಅಂಚಿಗೆ ಅವನ್ನು ಚುಚ್ಚಿ ಮೇಲೆ ಬರಬೇಕಲ್ಲ. ನಾನು ದಂಡೆಯಲ್ಲಿ ನಿಂತು ನೋಡುವುದರಲ್ಲಿಯೇ ತೃಪ್ತನಾದೆ.

ಬೇಸಿಗೆಯಲ್ಲಿ ಹೋದವರೆಲ್ಲ ಕಾತಾಯನೊಕ್ಕಾ ಧಕ್ಕೆಯಲ್ಲಿ ಸಾಲಾಗಿ ನಿಂತ ಹಿಮಭಂಜಕ ಹಡಗುಗಳ ಚಿತ್ರ ತೆಗೆದುಕೊಂಡು ಬರುತ್ತಾರೆ. ಚಳಿಗಾಲದಲ್ಲಿ ಆ ಧಕ್ಕೆ ಹೆಚ್ಚುಕಡಿಮೆ ಖಾಲಿ. ಉರ್ಹೊ, ಸಿಸು, ಓತ್ಸೊ ಮುಂತಾದ ಆ ಹಡಗುಗಳು ಆಗ ಉತ್ತರದ ಬೋಥ್ನಿಯಾ ಕೊಲ್ಲಿಯಲ್ಲಿ ಸರಕು ಹಡಗುಗಳಿಗೆ ದಾರಿ ಸೀಳಿಕೊಡುವ ಕೆಲಸದಲ್ಲಿರುತ್ತವೆ. ಕಠಿಣ ಚಳಿಗಾಲಗಳಲ್ಲಿ ಎಲ್ಲ ಬಂದರುಗಳೂ ಹೆಪ್ಪುಗಟ್ಟಬಹುದಾದ ದೇಶಕ್ಕೆ ಅವಿಲ್ಲದೆ ವ್ಯಾಪಾರವೇ ಇಲ್ಲ. ಖಾಲಿ ಧಕ್ಕೆಯನ್ನು ನೋಡಿ ನನಗೆ ಬೇಸರವಾಗಲಿಲ್ಲ. ಹಡಗುಗಳು ಕೆಲಸದ ಮೇಲಿವೆ ಎಂಬುದೇ ನೋಡಬೇಕಾದ ಸಂಗತಿ.

ಮಾರುಕಟ್ಟೆ ಚೌಕದಿಂದ ಸುವೊಮೆನ್ಲಿನ್ನಾ ಕೋಟೆದ್ವೀಪಕ್ಕೆ ಹೋಗುವ ಫೆರ್ರಿ ಚಳಿಗಾಲವಿಡೀ ನಡೆಯುತ್ತದೆ. ನಗರದ ಟ್ರಾಮಿಗೂ ಮೆಟ್ರೋಗೂ ಸಲ್ಲುವ ಟಿಕೆಟ್ಟೇ ಅದಕ್ಕೂ ಸಲ್ಲುತ್ತದೆ. ಕಾಲು ಗಂಟೆಯ ಆ ಪಯಣದಲ್ಲಿ ಹಡಗಿನ ತಳಕ್ಕೆ ಮಂಜಿನ ಹಲಗೆಗಳು ಬಡಿದು ಒಡೆಯುವ ಸದ್ದು ಎದೆಗೇ ತಾಗುತ್ತದೆ. ಒಡೆದ ತುಂಡುಗಳು ಹಿಂದಿನಿಂದ ಮತ್ತೆ ಕೂಡಿಕೊಂಡು ದಾರಿಯನ್ನು ಮುಚ್ಚತೊಡಗುತ್ತವೆ. 1748ರಲ್ಲಿ ಸ್ವೀಡನ್ನಿನವರು ರಷ್ಯಾವನ್ನು ತಡೆಯಲೆಂದು ಕಟ್ಟಲಾರಂಭಿಸಿದ ಈ ಕೋಟೆ 1808ರಲ್ಲಿ ರಷ್ಯನ್ನರಿಗೇ ಶರಣಾಯಿತು. 1991ರಿಂದ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಚಳಿಗಾಲದಲ್ಲಿ ಅಲ್ಲಿಯ ಕೆಲವು ವಸ್ತುಸಂಗ್ರಹಾಲಯಗಳು ಬಾಗಿಲು ಹಾಕಿರುತ್ತವೆ, ಗಾಳಿಯಂತೂ ನಿಲ್ಲಗೊಡುವುದಿಲ್ಲ. ಆದರೆ ದ್ವೀಪದಲ್ಲಿ ಸುಮಾರು 800 ಜನ ಖಾಯಂ ವಾಸವಾಗಿದ್ದಾರೆ, ಹಿಂದಿರುಗುವ ಫೆರ್ರಿಯಲ್ಲಿ ನನ್ನೊಂದಿಗಿದ್ದವರು ಪ್ರವಾಸಿಗಳಲ್ಲ, ಶಾಲೆಯ ಚೀಲ ಹೊತ್ತ ಮಕ್ಕಳು ಮತ್ತು ದಿನಸಿ ತರಲು ಹೊರಟವರು. ಜುಲೈಯಲ್ಲಿ ಈ ದ್ವೀಪದವರು ಜನಜಂಗುಳಿಯಲ್ಲಿ ಎಲ್ಲಿ ಕಳೆದುಹೋಗುತ್ತಾರೋ.

ಹೊರಗೆ ಎರಡು ಗಂಟೆ, ಒಳಗೆ ಒಂದು ಗಂಟೆ ಎಂಬುದು ಅಲ್ಲಿ ನನ್ನ ದಿನಚರಿಯಾಯಿತು, ಹೆಲ್ಸಿಂಕಿಯ ಒಳಾಂಗಣಗಳು ಹೊರಾಂಗಣಗಳಿಗಿಂತ ಉತ್ತಮವಾಗಿವೆ ಎಂದು ತಿಳಿದದ್ದು ಹೀಗೆಯೇ. ಎಲ್ಲೆಡೆ ಎರಡು ಬಾಗಿಲುಗಳು. ಮೊದಲನೆಯದು ಮುಚ್ಚಿದ ಮೇಲೆ ಎರಡನೆಯದು ತೆರೆದುಕೊಳ್ಳುತ್ತದೆ. ಎಲ್ಲೆಡೆ ಕೋಟು ತೂಗುಹಾಕಲು ಗೂಟಗಳ ಸಾಲು. ಯಾರೂ ಕಾಯದ ಆ ಗೂಟಗಳಲ್ಲಿ ದುಬಾರಿ ಕೋಟುಗಳನ್ನು ಬಿಟ್ಟು ಜನ ನಿಶ್ಚಿಂತೆಯಿಂದ ಒಳಗೆ ಹೋಗುತ್ತಾರೆ. 1969ರಲ್ಲಿ ತೆರೆದ ತೆಂಪೆಲಿಯಾವುಕಿಯೊ ಚರ್ಚನ್ನು ವಾಸ್ತುಶಿಲ್ಪಿಗಳಾದ ಸುವೊಮಲಾಯಿನೆನ್ ಸೋದರರು ಗಟ್ಟಿ ಬಂಡೆಯನ್ನು ತೋಡಿ ಕಟ್ಟಿದರು. ತಾಮ್ರದ ಗುಮ್ಮಟಕ್ಕೂ ಒರಟು ಕಲ್ಲಿನ ಗೋಡೆಗೂ ನಡುವೆ ಸುತ್ತಲೂ ಗಾಜಿನ ಪಟ್ಟಿಗಳಿದ್ದು, ಬೇಸಿಗೆಯಲ್ಲಿ ಅವುಗಳಿಂದ ಬಿಸಿಲು ಸುರಿಯುತ್ತದಂತೆ. ನಾನು ಹೋದಾಗ ಹಿಮ ಕವಿದು ಬರಿಯ ಬೂದುಬಣ್ಣದ ಬೆಳಕು ಇಳಿಯುತ್ತಿತ್ತು. ಕಲ್ಲಿನ ಸಂದುಗಳಲ್ಲಿ ನೀರು ಒಸರುತ್ತಿತ್ತು. ಚಂದವಾಗಿದೆ, ಆದರೆ ಪ್ರವಾಸಿ ಗುಂಪುಗಳು ಚಳಿಗಾಲದಲ್ಲಿಯೂ ಬಿಡುವುದಿಲ್ಲ.

ನನಗೆ ಹೆಚ್ಚು ಹಿಡಿಸಿದ್ದು ಓಡಿ ಗ್ರಂಥಾಲಯ. ಸ್ವಾತಂತ್ರ್ಯದ ನೂರು ವರ್ಷದ ನೆನಪಿಗೆಂದು ದೇಶ ತನಗೆ ತಾನೇ ಕೊಟ್ಟುಕೊಂಡ ಈ ಉಡುಗೊರೆ 2018ರ ಡಿಸೆಂಬರ್ 5ರಂದು ಸಂಸತ್ ಭವನದ ಎದುರಿಗೇ ತೆರೆಯಿತು. ಪುಸ್ತಕಗಳಿರುವುದು ಮೂರನೆಯ ಮಹಡಿಯಲ್ಲಿ, ಅಲೆಯಂತೆ ಏರಿಳಿಯುವ ಬಿಳಿಯ ಚಾವಣಿಯ ಕೆಳಗೆ, ಸುಮಾರು ಒಂದು ಲಕ್ಷ. ನಡುವಿನ ಮಹಡಿಯಲ್ಲಿ ಹೊಲಿಗೆಯಂತ್ರಗಳು, ಮೂರು ಆಯಾಮದ ಮುದ್ರಣಯಂತ್ರಗಳು, ಹಾಡು ಧ್ವನಿಮುದ್ರಿಸುವ ಕೋಣೆಗಳಿವೆ. ಸಂಜೆ ನಾಲ್ಕಕ್ಕೆ ಕತ್ತಲಾಗುವ ಊರಿನಲ್ಲಿ ದುಡ್ಡು ಕೊಡದೆ, ಏನನ್ನೂ ಕೊಳ್ಳದೆ, ಬೆಚ್ಚಗೆ, ಬೆಳಕಿನಲ್ಲಿ ಕುಳಿತಿರಲು ಇಂತಹದೊಂದು ಜಾಗವಿರುವುದು ಅಲಂಕಾರವಲ್ಲ, ಅಗತ್ಯ. ಅಲ್ಲಿ ಕುಳಿತಿದ್ದವರಲ್ಲಿ ಓದುತ್ತಿದ್ದವರು ಅರ್ಧ ಜನವೂ ಇರಲಾರರು. ಮುದುಕರೊಬ್ಬರು ಬೂಟು ಕಳಚಿಟ್ಟು ಉಣ್ಣೆಯ ಕಾಲುಚೀಲದಲ್ಲಿ ಕಾಲು ಚಾಚಿ ನಿದ್ದೆಹೋಗಿದ್ದರು; ಪಕ್ಕದಲ್ಲಿ ಹುಡುಗರು ಚದುರಂಗವಾಡುತ್ತಿದ್ದರು; ಮಗುವಿನ ಗಾಡಿಗಳದೇ ಒಂದು ಸಾಲಿತ್ತು. ಗಾಜಿನ ಗೋಡೆಯಾಚೆ, 1931ರಲ್ಲಿ ಉದ್ಘಾಟನೆಯಾದ ಸಂಸತ್ ಭವನದ ಕಲ್ಲಿನ ಕಂಬಗಳು ಹಿಮದಲ್ಲಿ ಗಂಭೀರವಾಗಿ ನಿಂತಿದ್ದವು.

ಇನ್ನು ಸೌನಾ, ಎಂದರೆ ಬಿಸಿಹಬೆಯ ಸ್ನಾನದ ಕೋಣೆ. ಐವತ್ತೈದು ಲಕ್ಷ ಜನರ ದೇಶದಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಸೌನಾಗಳಿವೆ ಎಂದರೆ ಅದರ ಸ್ಥಾನವನ್ನು ಬೇರೆ ಹೇಳಬೇಕಿಲ್ಲ. 2020ರಲ್ಲಿ ಯುನೆಸ್ಕೋ ಅದನ್ನು ಅಮೂರ್ತ ಪರಂಪರೆಯ ಪಟ್ಟಿಗೂ ಸೇರಿಸಿತು. ಕಲ್ಲಿಯೊ ಬಡಾವಣೆಯಲ್ಲಿ 1928ರಿಂದಲೂ ಕಟ್ಟಿಗೆಯ ಒಲೆಯಿಂದಲೇ ನಡೆಯುತ್ತಿರುವ ಕೋತಿಹರ್ಯು ಎಂಬ ಸಾರ್ವಜನಿಕ ಸೌನಾದ ಮುಂದೆ, ಮೈಯಿಂದ ಹಬೆಯೇಳುವ ಗಂಡಸರು ಬರಿಯ ಟವೆಲು ಸುತ್ತಿಕೊಂಡು ಬೀದಿಬದಿಯಲ್ಲಿ ತಣ್ಣಗಾಗಲು ಕುಳಿತಿರುವುದನ್ನು ನಾನು ಮೊದಲ ಸಂಜೆಯೇ ಕಂಡಿದ್ದೆ. ನಾನು ಹೋದದ್ದು ಹೆರ್ನೆಸಾರಿಯ ಸಮುದ್ರದಂಡೆಯಲ್ಲಿ 2016ರಲ್ಲಿ ತೆರೆದ ಲೊಯ್ಲು ಎಂಬಲ್ಲಿಗೆ. ಅಲ್ಲಿ ಗಂಡಸರೂ ಹೆಂಗಸರೂ ಒಟ್ಟಿಗೆ ಕೂರುವುದರಿಂದ ಈಜುಡುಗೆ ಕಡ್ಡಾಯ. ಕೋತಿಹರ್ಯುವಿನಂತಹ ಹಳೆಯ ಸೌನಾಗಳಲ್ಲಿ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಕೋಣೆಗಳಿದ್ದು, ಒಳಗೆ ಬಟ್ಟೆ ತೊಡುವುದೇ ಅಸಭ್ಯ.

ಒಳಗೆ ಕತ್ತಲು, ಕಟ್ಟಿಗೆಯ ಹೊಗೆಯ ವಾಸನೆ, ಮೆಟ್ಟಿಲು ಮೆಟ್ಟಿಲಾಗಿ ಏರುವ ಮರದ ಹಲಗೆಗಳು. ಮೇಲಿನ ಹಲಗೆಯಲ್ಲಿ ಬಿಸಿ ಹೆಚ್ಚು, ಕೆಳಗೆ ಕಡಿಮೆ. ಉಷ್ಣತೆ ಸಾಮಾನ್ಯವಾಗಿ 80ರಿಂದ 100 ಡಿಗ್ರಿ. ಕಾದ ಕಲ್ಲುಗಳ ಮೇಲೆ ಸೌಟಿನಿಂದ ನೀರು ಎರಚಿದಾಗ ಮೇಲೇಳುವ ಹಬೆ ಚಾವಣಿಗೆ ತಾಗಿ, ಅಲ್ಲಿಂದ ಇಳಿದು ಕಿವಿ, ಭುಜಗಳನ್ನು ಸುಡುವಂತೆ ಮುಟ್ಟುತ್ತದೆ. ನೀರು ಎರಚುವ ಮುನ್ನ ಸುತ್ತಲಿನವರನ್ನು ಕೇಳುವುದು ಮರ್ಯಾದೆ. ಮೇಲಿನ ಹಲಗೆಯಲ್ಲಿ ಕುಳಿತಿದ್ದ ಹಿರಿಯರೊಬ್ಬರು ನನ್ನ ಕಡೆ ತಿರುಗಿ, "ಇನ್ನೊಂದು ಸೌಟು ಹಾಕಬಹುದೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು, ಅಷ್ಟು ಜನರಲ್ಲಿ ನನ್ನನ್ನೇ ಕೇಳಿದ್ದರ ಕಾರಣ ನನ್ನ ಮುಖದ ಮೇಲೆಯೇ ಬರೆದಿದ್ದಿರಬೇಕು. ಹಾಕಿ ಎಂದೆ. ಅದಾದ ಮೇಲೆ ಅವರೇ ಹೇಳಿದ ಕ್ರಮದಂತೆ ಹೊರಗೆ ಬಂದು, ಮಂಜುಗಡ್ಡೆಯಲ್ಲಿ ತೆರವು ಮಾಡಿದ್ದ ಕಿಂಡಿಯೊಳಕ್ಕೆ ಏಣಿಯಿಂದ ಇಳಿದೆ. ನೀರಿನ ಉಷ್ಣತೆ ಶೂನ್ಯದ ಆಸುಪಾಸು. ಚಳಿ ಎಂಬ ಅರಿವು ಮೊದಲು ಬರುವುದೇ ಇಲ್ಲ. ಉಸಿರು ತಾನಾಗಿಯೇ ಒಳಕ್ಕೆ ಎಳೆದುಕೊಂಡು ಹೊರಗೆ ಬರಲು ಒಪ್ಪದಂತಾಗುತ್ತದೆ. ಆ ಗಳಿಗೆಯಲ್ಲಿ ನಿಧಾನವಾಗಿ ಉಸಿರು ಬಿಡುವುದಷ್ಟೇ ಮಾಡಬೇಕಾದ ಕೆಲಸ. ಹೃದಯದ ತೊಂದರೆಯಿರುವವರು ಇದಕ್ಕೆ ಕೈಹಾಕಬಾರದು. ಮೇಲೆ ಬಂದು ಮೈನಸ್ ಹತ್ತರ ಗಾಳಿಯಲ್ಲಿ ಒದ್ದೆ ಮೈಯಲ್ಲಿ ನಿಂತರೂ ಕೆಲವು ನಿಮಿಷಗಳ ಕಾಲ ಚಳಿಯಾಗಲಿಲ್ಲ. ಕತ್ತಲಾದ ಸಮುದ್ರದ ಮೇಲೆ ದೂರದ ಕೋಟೆದ್ವೀಪದ ದೀಪಗಳು ಕಾಣುತ್ತಿದ್ದವು, ಜನ ಅಷ್ಟಾಗಿ ಮಾತನಾಡದ ಊರೆಂದು ಹೆಸರಾದ ಹೆಲ್ಸಿಂಕಿಯಲ್ಲಿ ಅಪರಿಚಿತರು ನನ್ನೊಂದಿಗೆ ಧಾರಾಳವಾಗಿ ಮಾತನಾಡಿದ್ದು ಅಲ್ಲಿ ಮಾತ್ರ.

ಊಟದ ಬಗ್ಗೆ ಹೇಳಲು ಹೆಚ್ಚಿಲ್ಲ. ಬಂದರಿನ ಬದಿಯಲ್ಲಿ 1889ರಿಂದ ಇರುವ ಹಳೆಯ ಮಾರುಕಟ್ಟೆ ಕಟ್ಟಡದಲ್ಲಿ ಸಾಲ್ಮನ್ ಮೀನು, ಆಲೂಗೆಡ್ಡೆ, ಕೆನೆ ಹಾಕಿದ ಸಾರು ಸಿಗುತ್ತದೆ, ಜೊತೆಗೆ ಹುಳಿಯಾದ ಕಪ್ಪು ರೈ ಬ್ರೆಡ್ಡು. ಮಾಂಸ, ಮೀನು ತಿನ್ನದವರು ಅನ್ನ ತುಂಬಿದ ತೆಳ್ಳನೆಯ ಕರೇಲಿಯದ ಕಡುಬನ್ನು ಆಶ್ರಯಿಸಬಹುದು. ಹಾಲು, ಬೆಣ್ಣೆ ಎರಡೂ ಅದರಲ್ಲಿ ಸಾಮಾನ್ಯವಾಗಿ ಇರುತ್ತವೆ. ಜನವರಿಯಿಡೀ ಬೇಕರಿಗಳಲ್ಲಿ ಸಿಗುವ, ಬಾದಾಮಿಯ ಹಿಟ್ಟಿನಿಂದ ಮಾಡಿ ಮೇಲೆ ರಾಸ್ಪ್‌ಬೆರಿ ಜಾಮು ಇಟ್ಟ ಸಣ್ಣ ಉರುಳೆಯಾಕಾರದ ಕೇಕಿಗೆ ಕವಿ ರೂನೆಬರ್ಗರ ಹೆಸರಿದೆ. ಅವರ ಹುಟ್ಟುಹಬ್ಬವಾದ ಫೆಬ್ರವರಿ 5 ಕಳೆದ ಮೇಲೆ ಅದು ಬೇಗನೆ ಮಾಯವಾಗುತ್ತದೆ. ಕಾಫಿ ಮಾತ್ರ ಎಲ್ಲಿ ಹೋದರೂ, ಯಾವ ಹೊತ್ತಿನಲ್ಲಾದರೂ ಸಿದ್ಧ. ತಲಾ ಕಾಫಿ ಬಳಕೆಯಲ್ಲಿ ಫಿನ್ಲೆಂಡ್ ಜಗತ್ತಿನ ಮುಂಚೂಣಿಯಲ್ಲಿರುವುದು ಕತ್ತಲೆಯ ಕಾಣಿಕೆಯೇ ಇರಬೇಕು ಎಂದು ನನ್ನ ಗುಮಾನಿ. ನಗದು ಕೊಟ್ಟರೆ ಲೆಕ್ಕವನ್ನು ಹತ್ತಿರದ ಐದು ಸೆಂಟಿಗೆ ಸರಿಮಾಡುತ್ತಾರೆ, ಒಂದು ಮತ್ತು ಎರಡು ಸೆಂಟಿನ ನಾಣ್ಯಗಳನ್ನು ಅಲ್ಲಿ ಬಳಸುವುದಿಲ್ಲ. ನಗದು ಕೊಡುವವರೇ ಅಪರೂಪ ಎಂಬುದು ಬೇರೆ ಮಾತು.

ಹೋಗಬೇಕೆನ್ನುವವರಿಗೆ ನನ್ನ ಸಲಹೆ ಇಷ್ಟೇ. ನವೆಂಬರ್ ಮತ್ತು ಡಿಸೆಂಬರ್ ಮೊದಲ ಭಾಗವನ್ನು ಬಿಟ್ಟುಬಿಡಿ. ಕತ್ತಲೆಯನ್ನೇ ನೋಡಬೇಕೆಂದಿದ್ದರೆ ಜನವರಿ ಸರಿ. ಹಿಮವೂ ಬೇಕು ಬಿಸಿಲೂ ಬೇಕು ಎಂದರೆ ಫೆಬ್ರವರಿಯ ಎರಡನೆಯ ಅರ್ಧ ಒಳ್ಳೆಯದು, ಆಗ ಹಗಲು ಒಂಬತ್ತು ಹತ್ತು ಗಂಟೆಗಳಷ್ಟು ಇರುತ್ತದೆ, ಸಮುದ್ರದ ಮಂಜುಗಡ್ಡೆಯೂ ಸಾಮಾನ್ಯವಾಗಿ ಆಗಲೇ ಹೆಚ್ಚು ದಪ್ಪ. ಮೈಗೆ ಅಂಟುವ ಒಳ ಉಡುಪು ಹತ್ತಿಯದಾಗಿರದೆ ಉಣ್ಣೆಯದಾಗಿರಲಿ, ಹತ್ತಿ ಬೆವರನ್ನು ಹೀರಿಕೊಂಡು ಆಮೇಲೆ ಅದನ್ನೇ ಚಳಿಯಾಗಿ ಹಿಂದಿರುಗಿಸುತ್ತದೆ. ಮೊಬೈಲನ್ನು ಒಳಜೇಬಿನಲ್ಲಿಡಿ, ಲಿಥಿಯಂ ಬ್ಯಾಟರಿ ಚಳಿಯಲ್ಲಿ ಮುನ್ಸೂಚನೆಯಿಲ್ಲದೆ ಕೈಕೊಡುತ್ತದೆ. ಪ್ರತಿಫಲಕ ಬಿಲ್ಲೆಯನ್ನೂ, ಬೂಟಿನ ಅಡಿಗೆ ತೊಡಿಸುವ ಮುಳ್ಳಿನ ಪಟ್ಟಿಯನ್ನೂ ಅಲ್ಲಿಗೆ ಹೋದ ಮೇಲೆಯೇ ಕೊಳ್ಳಿ; ಊರಿನವರು ಯಾವುದನ್ನು ಕೊಳ್ಳುತ್ತಾರೋ ಅದನ್ನೇ ಕೊಂಡರೆ ಸಾಕು.